ಸುಳಿಯೊಳಗಿನ ಹುಳ, ಗಿಡದೊಳಗಿನ ವಿಷ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಮೆಕ್ಕೆಜೋಳದ ಹೊಲದಲ್ಲಿ ಹೊಸದೊಂದು ಹುಳ ಕಂಡರು. ಹಣೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಸಿಕ್ಕಿದ್ದು ಹಾಗೆ. ಅದೇ ವರ್ಷ ಅದು ಮಹಾರಾಷ್ಟ್ರಕ್ಕೂ ದಾಟಿತು. ನಾಸಿಕ್, ಛತ್ರಪತಿ ಸಂಭಾಜಿನಗರದ ಮೆಕ್ಕೆಜೋಳಕ್ಕೂ ಈಗ ಅದರ ಕಾಟ.

ಹುಳ ದೊಡ್ಡದಾದಂತೆ ಸುಳಿಯೊಳಗೆ ಇಳಿದು, ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಮೇಲಿಂದ ಹೊಡೆದ ಔಷಧಿ ಅಲ್ಲಿಗೆ ಮುಟ್ಟುವುದು ಕಷ್ಟ. ಅದಕ್ಕೇ ತೌಡು, ಬೆಲ್ಲ ಕಲಸಿ ಹುಳಿಯಲು ಬಿಟ್ಟು, ಕೀಟನಾಶಕ ಸೇರಿಸಿ, ಗಿಡಗಿಡದ ಸುಳಿಗೂ ಉದುರಿಸುವ ವಿಷಪಾಷಾಣದ ಕೆಲಸ ರೈತರ ಪಾಲಿಗೆ ಬಂತು.

ಆ ವಿಷವನ್ನು ಗಿಡವೇ ತಯಾರಿಸಿದರೆ? ಬಿಟಿ ಮೆಕ್ಕೆಜೋಳ ಮಾಡುವುದು ಇದನ್ನೇ. ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿ ಪಡೆದ ಈ ಗಿಡದ ಎಲೆ ತಿಂದ ಹುಳದ ಕರುಳಿನಲ್ಲಿ, ಕ್ಷಾರ ರಸದ ನಡುವೆ ಬಿಟಿ ಪ್ರೋಟೀನ್ ಚುರುಕಾಗುತ್ತದೆ. ಕರುಳಿನ ಕೋಶಗಳ ಮೇಲಿರುವ ತನ್ನದೇ ಗ್ರಾಹಕಕ್ಕೆ ಅಂಟಿ ರಂಧ್ರ ಕೊರೆಯುತ್ತದೆ. ಹುಳ ಮೊದಲು ತಿನ್ನುವುದನ್ನು ಬಿಡುತ್ತದೆ, ಆಮೇಲೆ ಸಾಯುತ್ತದೆ. ನಮ್ಮ ಕರುಳಿನಲ್ಲಿ ಆ ಗ್ರಾಹಕ ಇಲ್ಲ.

ಅಮೆರಿಕದಲ್ಲಿ 1996ರಿಂದ ಬೆಳೆಯುತ್ತಿರುವ ಬಿಟಿ ಮೆಕ್ಕೆಜೋಳ ಅಲ್ಲಿನ ಕಾಂಡಕೊರಕವನ್ನು ಚೆನ್ನಾಗಿಯೇ ಹತೋಟಿಯಲ್ಲಿಟ್ಟಿದೆ. ಸೈನಿಕ ಹುಳುವಿನ ಕಥೆ ಬೇರೆ. ಪೋರ್ಟೊರಿಕೊ ದ್ವೀಪದಲ್ಲಿ ಕ್ರೈ1ಎಫ್ ಪ್ರೋಟೀನಿನ ತಳಿ 2003ರಲ್ಲಿ ಬಂತು, 2006ರ ವೇಳೆಗೆ ಹುಳ ಅದನ್ನೂ ತಿಂದು ಬದುಕತೊಡಗಿತು. ಕಂಪನಿ ಅಲ್ಲಿ ಮಾರಾಟ ನಿಲ್ಲಿಸಿತು. ಬ್ರೆಜಿಲ್‌ನಲ್ಲೂ ಹಾಗೇ ಆಯಿತು. ನಿರೋಧ ಬೆಳೆಸಿಕೊಂಡ ಹುಳಗಳಲ್ಲಿ ಆ ಗ್ರಾಹಕವೇ ಕೆಟ್ಟಿತ್ತು: ಬೀಗ ಬದಲಾದ ಮೇಲೆ ಹಳೆಯ ಕೀಲಿಕೈ ಏನು ಮಾಡೀತು?

ನಾವು ಗಮನಿಸಬೇಕಾದದ್ದು ಪೋರ್ಟೊರಿಕೊವನ್ನು, ಅಮೆರಿಕದ ಅಯೋವಾ ರಾಜ್ಯವನ್ನಲ್ಲ. ಅಯೋವಾದ ಚಳಿಗಾಲಕ್ಕೆ ಈ ಹುಳ ಉಳಿಯುವುದಿಲ್ಲ; ಪ್ರತಿವರ್ಷ ದಕ್ಷಿಣದಿಂದ ಹೊಸದಾಗಿ ಹಾರಿ ಬರಬೇಕು. ದ್ವೀಪದಲ್ಲಿ ಬೆಚ್ಚನೆ ಹವೆ, ವರ್ಷವಿಡೀ ಮೆಕ್ಕೆಜೋಳ. ಬದುಕುಳಿದ ಹುಳದ ಮರಿಗಳಿಗೂ ಅದೇ ಬಿಟಿ ಎಲೆ. ಮುಂಗಾರು, ಹಿಂಗಾರು ಎರಡರಲ್ಲೂ ಮೆಕ್ಕೆಜೋಳವನ್ನೇ ಬಿತ್ತುವ ದಾವಣಗೆರೆ, ಹಾವೇರಿ, ನಾಸಿಕ್‌ಗಳ ಹವೆ ಯಾವುದಕ್ಕೆ ಹತ್ತಿರ?

ಕಂಪನಿಗಳು ಈಗ ಎರಡು-ಮೂರು ಪ್ರೋಟೀನುಗಳನ್ನು ಒಂದೇ ಗಿಡದಲ್ಲಿ ಜೋಡಿಸುತ್ತಿವೆ. ಬೇರೆ ಗ್ರಾಹಕ ಹಿಡಿಯುವ ವಿಪ್3ಎ ಪ್ರೋಟೀನ್ ಈ ಹುಳದ ಮೇಲೆ ಬಲವಾಗಿಯೇ ಕೆಲಸ ಮಾಡುತ್ತದೆ. ಆದರೂ ಜತೆಗೆ ಸ್ವಲ್ಪ ಬಿಟಿಯಲ್ಲದ ಬೆಳೆ ಬೇಕು. ಅಲ್ಲಿ ಬೆಳೆದ ಸಾಧಾರಣ ಪತಂಗಗಳು ನಿರೋಧ ಪಡೆದವುಗಳ ಜತೆ ಕೂಡಿದರೆ ನಿರೋಧ ಹರಡುವುದು ನಿಧಾನವಾಗುತ್ತದೆ. ನಮ್ಮಲ್ಲಿ ಬಿಟಿ ಹತ್ತಿಯ ಪೊಟ್ಟಣದ ಜತೆ ಇದಕ್ಕೆಂದೇ 120 ಗ್ರಾಂ ಬೇರೆ ಬೀಜ ಬರುತ್ತಿತ್ತು. ಎರಡೆಕರೆಯವರು ಹುಳಕ್ಕೆಂದು ಜಾಗ ಬಿಡುವುದುಂಟೇ? ಬಹುತೇಕರು ಬಿತ್ತಲಿಲ್ಲ. 2017ರಲ್ಲಿ ಮಹಾರಾಷ್ಟ್ರದ ಬಿಟಿ ಹತ್ತಿಯನ್ನೇ ನಿರೋಧ ಪಡೆದ ಗುಲಾಬಿ ಕಾಯಿಕೊರಕ ತಿಂದಿತು.

ಹಾಗಾದರೆ ಎರಡು ಬೀಜವನ್ನೂ ಒಂದೇ ಚೀಲದಲ್ಲಿ ಬೆರೆಸಿಬಿಡೋಣ ಎಂದರೆ ಮೆಕ್ಕೆಜೋಳದಲ್ಲಿ ಬೇರೊಂದು ತೊಡಕಿದೆ. ಪರಾಗ ಗಾಳಿಯಲ್ಲಿ ಹಾರಿ ಪಕ್ಕದ ಗಿಡದ ತೆನೆಗೂ ಬೀಳುತ್ತದೆ. ಬಿಟಿಯಲ್ಲದ ಗಿಡದ ಕಾಳಿನಲ್ಲೂ ಅಷ್ಟಿಷ್ಟು ವಿಷ ಸೇರುತ್ತದೆ. ಎಲ್ಲ ಹುಳವನ್ನೂ ಕೊಲ್ಲುವಷ್ಟಲ್ಲ, ಅರೆಬರೆ ನಿರೋಧ ಇರುವವನ್ನು ಆರಿಸಿ ಉಳಿಸುವಷ್ಟು.