ಕೆರೆ-ದಡ ಆಡಿಸುವ ಶಾಲೆ

ಕಳೆದ ಬೇಸಿಗೆಯಲ್ಲಿ ತಂಗಿಯ ಮಗಳಿಗೆ ಶಾಲೆ ಹುಡುಕಲು ನಾನೂ ಜತೆಗೆ ಹೋಗಿದ್ದೆ. ಮೊದಲನೆಯ ಕಡೆ ಎಸಿ ಕೊಠಡಿ, ಸ್ಮಾರ್ಟ್ ಬೋರ್ಡು, ಮೂರು ವರ್ಷದವರು ಬರೆದ ಎ ಬಿ ಸಿ ಹಾಳೆಗಳು ಗೋಡೆ ತುಂಬ. ತಂಗಿಗೆ ಖುಷಿಯೋ ಖುಷಿ. ನನ್ನ ಕಣ್ಣು ಮಾತ್ರ ಮೂಲೆಯ ಹುಡುಗನೊಬ್ಬನ ಮೇಲಿತ್ತು. ಪೆನ್ಸಿಲನ್ನು ಸೌಟಿನಂತೆ ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಇಡೀ ತೋಳಿನಿಂದ ಗೆರೆ ಎಳೆಯುತ್ತಿದ್ದ.

ಅವನ ತಪ್ಪೇನಿಲ್ಲ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವೆಲ್ಲ ಬರೀ ಮೃದ್ವಸ್ಥಿ. ಎಕ್ಸ್-ರೇಯಲ್ಲಿ ಆ ಜಾಗ ಖಾಲಿ ಕಾಣುತ್ತದೆ. ಮೂರು ವರ್ಷಕ್ಕೆ ಎರಡೋ ಮೂರೋ ಗಟ್ಟಿಯಾಗತೊಡಗಿರುತ್ತವೆ. ಬೆರಳುಗಳನ್ನು ಆಳುವ ಮಿದುಳಿನ ಭಾಗವೂ ಆಗಿನ್ನೂ ಪಳಗುತ್ತಿರುತ್ತದೆ. ಈ ಕೈಗೆ ಬೇಕಾದ್ದು ಜೇಡಿಮಣ್ಣು, ಚಪಾತಿ ಹಿಟ್ಟು, ಮಣಿ ಪೋಣಿಸುವ ದಾರ.

ಎರಡನೆಯದು ಹೆಂಚಿನ ಹಳೇ ಮನೆ. ಅಂಗಳದಲ್ಲಿ ಸುಣ್ಣದ ಗೆರೆ. ಟೀಚರ್ ‘ಕೆರೆ!’ ಎಂದರೆ ಮಕ್ಕಳು ಒಳಕ್ಕೆ, ‘ದಡ!’ ಎಂದರೆ ಹೊರಕ್ಕೆ. ಬೇಕೆಂದೇ ‘ದಡ, ದಡ!’ ಅಂದರು. ಅರ್ಧ ಮಂದಿ ಕೆರೆಗೆ ಹಾರಿ, ಬಿದ್ದು, ನಕ್ಕರು.

ಹಾರಲು ಸಿದ್ಧವಾದ ಕಾಲನ್ನು ತಡೆದು ನಿಲ್ಲಿಸುವುದು ಹಣೆಯ ಹಿಂದಿನ ಮಿದುಳಿನ ಕೆಲಸ. ಈ ಬ್ರೇಕನ್ನು ಅಳೆಯಲು ಮನೋವಿಜ್ಞಾನಿ ಅಡೆಲ್ ಡೈಮಂಡ್ ಮತ್ತು ಸಂಗಡಿಗರು 1994ರಲ್ಲಿ ಒಂದು ತಮಾಷೆಯ ಪರೀಕ್ಷೆ ಪ್ರಕಟಿಸಿದರು. ಸೂರ್ಯನ ಚಿತ್ರ ತೋರಿಸಿದರೆ ‘ರಾತ್ರಿ’ ಅನ್ನಬೇಕು, ಚಂದ್ರನಿಗೆ ‘ಹಗಲು’. ಮೂರೂವರೆ ವರ್ಷದವರು ತಡವರಿಸುತ್ತಾರೆ; ಏಳರ ಹೊತ್ತಿಗೆ ಸಲೀಸು. ಕೆರೆ-ದಡದಲ್ಲಿ ಕೆಲಸಕ್ಕೆ ಬರುವುದೂ ಇದೇ ಬ್ರೇಕು. ನಮ್ಮಜ್ಜಿಯರಿಗೆ ಅದಕ್ಕೆ ಹೆಸರಿಡುವ ಅಗತ್ಯ ಬಿದ್ದಿರಲಿಲ್ಲ, ಅಷ್ಟೆ.

ಇಂಥ ಆಟ ಮನೆಯಂಗಳದಲ್ಲೇ ಸಿಗುತ್ತದಲ್ಲ, ಹಾಗಾದರೆ ಶಾಲೆ ಯಾವುದಾದರೇನು? ಇಲ್ಲೇ ಇರುವುದು ಗುಟ್ಟು. ಅಮೆರಿಕದ ಇಪ್ಸಿಲಾಂಟಿ ಊರಿನಲ್ಲಿ 1962ರಲ್ಲಿ ಶುರುವಾದ ಪೆರ‍್ರಿ ಪ್ರಯೋಗದಲ್ಲಿದ್ದವರು 123 ಬಡ ಮಕ್ಕಳು. ಅವರಲ್ಲಿ 58 ಮಂದಿಗೆ ಶಿಶುವಿಹಾರ ಸಿಕ್ಕಿತು: ಐದಾರು ಮಕ್ಕಳಿಗೊಬ್ಬ ಶಿಕ್ಷಕಿ, ಇಂದು ಏನು ಆಡಬೇಕೆಂದು ಮಕ್ಕಳೇ ಯೋಜಿಸುವುದು, ವಾರಕ್ಕೊಮ್ಮೆ ಮನೆಭೇಟಿ. ಬುದ್ಧಿಮಟ್ಟದಲ್ಲಿ ಸಿಕ್ಕ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ನಲವತ್ತರ ವಯಸ್ಸಿನಲ್ಲಿ ನೋಡಿದಾಗ ಅವರ ಸಂಪಾದನೆ ಉಳಿದವರಿಗಿಂತ ಹೆಚ್ಚು, ಜೈಲಿನ ದಾರಿ ಹಿಡಿದವರು ಕಡಿಮೆ. ಟೆನೆಸೀ ರಾಜ್ಯದ ಕತೆ ಉಲ್ಟಾ. ಲಾಟರಿಯಲ್ಲಿ ಸರ್ಕಾರಿ ಶಿಶುವಿಹಾರದ ಸೀಟು ಸಿಕ್ಕ ಮಕ್ಕಳು ಆರನೇ ತರಗತಿಯ ಹೊತ್ತಿಗೆ ಸೀಟು ಸಿಗದವರಿಗಿಂತ ಹಿಂದುಳಿದಿದ್ದರು ಎಂದು 2022ರ ವರದಿ ಹೇಳಿತು. ಕಾರಣದ ಬಗ್ಗೆ ವಾದ ಮುಗಿದಿಲ್ಲ. ಬೋರ್ಡಿನ ಮೇಲೆ ‘ಪ್ರೀಸ್ಕೂಲ್’ ಎಂದಿದ್ದ ಮಾತ್ರಕ್ಕೆ ಒಳಗಿರುವುದೂ ಒಂದೇ ಅಲ್ಲ ಎನ್ನುವುದಂತೂ ಖರೆ.

ಆದ್ದರಿಂದ ಬ್ರೋಷರ್ ಬದಿಗಿಟ್ಟು, ಅನುಮತಿ ಪಡೆದು ತರಗತಿಯ ಹಿಂಬದಿಯಲ್ಲಿ ಅರ್ಧ ಗಂಟೆ ಕುಳಿತು ಟೀಚರ್-ಮಕ್ಕಳ ಮಾತಿಗೆ ಕಿವಿಗೊಡಿ. ಬಿಡಲೊಪ್ಪದಿದ್ದರೆ ಅದೂ ಒಂದು ಉತ್ತರವೇ. ಟಾಯ್ಲೆಟ್ಟು, ಗೇಟು, ವ್ಯಾನು ಹೇಗೂ ನೋಡುತ್ತೀರಿ. ಮನೆಯ ಪಕ್ಕದ ಅಂಗನವಾಡಿಗೂ ಒಮ್ಮೆ ಇಣುಕಿ. ಒಳ್ಳೆಯ ಕಾರ್ಯಕರ್ತೆ ಸಿಕ್ಕರೆ ಫೀಸಿನ ಮಾತೇ ಇಲ್ಲ.

ಆ ಹೆಂಚಿನ ಮನೆಯಲ್ಲಿ ಪುಟ್ಟಿಯೊಬ್ಬಳು ಆಟ ಬಿಟ್ಟು ಬಂದು ‘ಮಿಸ್, ಇರುವೆಗೆ ಮೂಗಿದ್ಯಾ?’ ಅಂದಳು. ಟೀಚರ್ ಕೂತು, ಅವಳ ಕಣ್ಣಿನ ಮಟ್ಟಕ್ಕೆ ಬಂದರು. ‘ಸಕ್ಕರೆ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗತ್ತೆ?’ ಪುಟ್ಟಿ ಬಹಳ ಹೊತ್ತು ಯೋಚಿಸಿದಳು. ಟೀಚರ್ ಕಾದರು.