ಮಿಶ್ರ ಉಪನಗರ ಮತ್ತು ಒಳ್ಳೆಯ ಶಾಲೆ: ಓಕ್ ಪಾರ್ಕಿನ ನಿದರ್ಶನ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮಕ್ಕಳುಳ್ಳ ಕುಟುಂಬವೊಂದು ಒಂದೂರನ್ನು ಬಿಟ್ಟು ಇನ್ನೊಂದೂರಿನಲ್ಲಿ ನೆಲೆಸಬೇಕಾದಾಗ, ಮನೆಯನ್ನು ಆರಿಸುವುದೂ ಶಾಲೆಯನ್ನು ಆರಿಸುವುದೂ ಬಹುಮಟ್ಟಿಗೆ ಒಂದೇ ಕಾರ್ಯವಾಗಿ ಪರಿಣಮಿಸುತ್ತವೆ. ನಮ್ಮಲ್ಲಿ ಬಸವನಗುಡಿಯ ನಿವಾಸಿಗಳು ಮಕ್ಕಳನ್ನು ಜಯನಗರದ ಶಾಲೆಗೆ ಕಳುಹಿಸಬಹುದು. ಶುಲ್ಕ ತೆತ್ತು ಪ್ರವೇಶ ದೊರಕಿಸಿಕೊಂಡರೆ ಮಿಕ್ಕದ್ದು ಬಸ್ಸಿನ ಏರ್ಪಾಟು ಮಾತ್ರ. ಅಲ್ಲಿಯಾದರೋ ಶುಲ್ಕವಿಲ್ಲದ ಸಾರ್ವಜನಿಕ ಶಾಲೆಯೇ ಬಹುಸಂಖ್ಯೆಯ ಮಕ್ಕಳ ಶಾಲೆ. ಯಾವ ಮಗು ಯಾವ ಶಾಲೆಗೆ ಹೋಗತಕ್ಕದ್ದೆಂಬುದನ್ನು ಸಾಮಾನ್ಯವಾಗಿ ಮನೆಯ ವಿಳಾಸವೇ ನಿರ್ಣಯಿಸುತ್ತದೆ. ದೇಶದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಇವು ಕಂದಾಯ ಜಿಲ್ಲೆಗಳಲ್ಲ. ಶಾಲೆಗಳನ್ನು ನಡೆಸುವುದಕ್ಕಾಗಿಯೇ ಏರ್ಪಟ್ಟ, ಹೆಚ್ಚಿನ ಕಡೆಗಳಲ್ಲಿ ತಮ್ಮದೇ ಚುನಾಯಿತ ಮಂಡಲಿಯನ್ನೂ ಆದಾಯವನ್ನೂ ಉಳ್ಳ ಸಂಸ್ಥೆಗಳು. ಶಾಲೆಗಳಿಗೆ ಬರುವ ಹಣದಲ್ಲಿ ಅರ್ಧಕ್ಕೆ ತುಸು ಕಡಿಮೆಯಾದ ಭಾಗ ಸ್ಥಳೀಯ ಮೂಲಗಳಿಂದ, ಅದರಲ್ಲಿಯೂ ಮುಖ್ಯವಾಗಿ ಮನೆ ಮತ್ತು ಭೂಮಿಯ ತೆರಿಗೆಯಿಂದ ಬರುತ್ತದೆ. ಆದಕಾರಣ ಬೆಲೆಯುಳ್ಳ ಮನೆಗಳಿರುವ ಊರಿಗೆ ಅನುಕೂಲವುಳ್ಳ ಶಾಲೆ ದೊರೆಯುತ್ತದೆ, ಅಂಥ ಶಾಲೆಯಿರುವುದರಿಂದ ಮನೆಗಳ ಬೆಲೆ ಇನ್ನಷ್ಟು ಏರುತ್ತದೆ. ಈ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ಟೆಕ್ಸಸ್ ಸಂಸ್ಥಾನದ ಮೊಕದ್ದಮೆಯೊಂದರಲ್ಲಿ ತೀರ್ಪಿತ್ತಿತು. ಮರುವರ್ಷ ಡೆಟ್ರಾಯಿಟಿನ ಮೊಕದ್ದಮೆಯಲ್ಲಿ, ನಗರದ ಶಾಲೆಗಳಲ್ಲಿನ ಜನಾಂಗಭೇದವನ್ನು ನಿವಾರಿಸಲು ಅದರಲ್ಲಿ ದೋಷಿಗಳೆಂದು ಸಿದ್ಧಪಡದ ಉಪನಗರಗಳ ಶಾಲಾ ಜಿಲ್ಲೆಗಳನ್ನು ಒತ್ತಾಯದಿಂದ ಕೂಡಿಸಿಕೊಳ್ಳಲಾಗದೆಂದು ಐವರು ನ್ಯಾಯಾಧೀಶರು ನಾಲ್ವರ ಭಿನ್ನಾಭಿಪ್ರಾಯದ ನಡುವೆ ನಿರ್ಣಯಿಸಿದರು. ಜಿಲ್ಲೆಯ ಗಡಿಯೊಂದು ಗೋಡೆಯಷ್ಟು ಬಲವಾದದ್ದು ಹೀಗೆ.

ಇಂಥ ಗಡಿಗಳ ನಡುವೆ, ನೆರೆಹೊರೆಯಲ್ಲಿ ಹಲವು ಜನಾಂಗಗಳ ಜನರೂ ಇರಬೇಕು, ಶಾಲೆಯೂ ಒಳ್ಳೆಯದಿರಬೇಕು ಎಂದು ಬಯಸುವ ಕುಟುಂಬಗಳು ಅಲ್ಲಿ ಬಹಳ ಉಂಟು. ಕರ್ಣಾಟಕದಿಂದ ಹೋಗಿ ನೆಲೆಸಿದವರಲ್ಲಿಯೂ ಉಂಟು. ಈ ಎರಡು ಬಯಕೆಗಳು ಒಂದೆಡೆ ಈಡೇರುವುದು ಸಾಧ್ಯವೇ, ಸಾಧ್ಯವಾದರೆ ಅದನ್ನು ಯಾವ ಲಕ್ಷಣಗಳಿಂದ ಗುರುತಿಸಬೇಕು ಎಂಬುದನ್ನು ನಾವಿಲ್ಲಿ ವಿಚಾರಿಸಬೇಕೆಂದಿದ್ದೇವೆ.

ಮಿಶ್ರ ಉಪನಗರಗಳೇನೋ ಇಂದು ವಿರಳವಲ್ಲ. ದೊಡ್ಡ ಮಹಾನಗರಗಳ ಉಪನಗರವಾಸಿಗಳಲ್ಲಿ ಬಿಳಿಯರಲ್ಲದವರು 1990ರಲ್ಲಿ ಶೇಕಡ 20ರಷ್ಟಿದ್ದವರು 2020ರ ಜನಗಣತಿಯ ವೇಳೆಗೆ ಶೇಕಡ 45ರಷ್ಟಾಗಿದ್ದರೆಂದು ಜನಸಂಖ್ಯಾಶಾಸ್ತ್ರಜ್ಞ ವಿಲಿಯಂ ಫ್ರೇ ತೋರಿಸಿದ್ದಾರೆ. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಮೈರನ್ ಆರ್ಫೀಲ್ಡ್ ಮತ್ತು ಥಾಮಸ್ ಲೂಸ್ ಅವರು 2012ರ ತಮ್ಮ ಅಧ್ಯಯನದಲ್ಲಿ, ಬಿಳಿಯರಲ್ಲದವರ ಪ್ರಮಾಣ ಶೇಕಡ 20ರಿಂದ 60ರವರೆಗೆ ಇರುವ ಊರನ್ನು ಮಿಶ್ರ ಉಪನಗರವೆಂದು ಕರೆದರು. ಆದರೆ ಜನಗಣತಿಯೆಂಬುದು ಒಂದು ದಿನದ ಚಿತ್ರ. ಒಂದು ಊರಿನಲ್ಲಿ ಅರ್ಧ ಬಿಳಿಯರು, ಅರ್ಧ ಇತರರು ಎಂಬ ಅಂಕಿ ಕಂಡಾಗ, ಆ ಊರು ನಿಂತ ನೀರೋ ಹರಿಯುವ ನೀರೋ ಎಂಬುದು ಅಂಕಿಯಿಂದ ತಿಳಿಯುವುದಿಲ್ಲ. ಬಿಳಿಯರು ಹೊರಟುಹೋಗುತ್ತಿರುವ ಊರೂ ಹತ್ತು ವರ್ಷಗಳ ಮಧ್ಯದಲ್ಲೊಮ್ಮೆ ಅರ್ಧರ್ಧವಾಗಿ ಕಾಣುತ್ತದೆ.

ಇದು ಹೇಗೆ ನಡೆಯುತ್ತದೆಂಬುದಕ್ಕೆ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1969 ಮತ್ತು 1971ರ ಲೇಖನಗಳಲ್ಲಿ ಒಂದು ಸರಳವಾದ ಆಟವನ್ನು ವರ್ಣಿಸಿದರು. ಚದುರಂಗದ ಹಾಸಿನ ಮೇಲೆ ಎರಡು ಬಗೆಯ ನಾಣ್ಯಗಳನ್ನು ಚೆದರಿಸಿ, ಕೆಲವು ಮನೆಗಳನ್ನು ಬರಿದಾಗಿ ಬಿಡಬೇಕು. ಪ್ರತಿಯೊಂದು ನಾಣ್ಯಕ್ಕೂ ತನ್ನ ಅಕ್ಕಪಕ್ಕದವುಗಳಲ್ಲಿ ಮೂರರಲ್ಲೊಂದು ಭಾಗವಾದರೂ ತನ್ನ ಬಗೆಯವಾಗಿದ್ದರೆ ತೃಪ್ತಿ. ಇಲ್ಲವಾದರೆ ಅದು ಬರಿಯ ಮನೆಯೊಂದಕ್ಕೆ ಸರಿಯುತ್ತದೆ. ಇದು ದ್ವೇಷವಲ್ಲ, ಅನ್ಯರು ಬಹುಸಂಖ್ಯೆಯಲ್ಲಿದ್ದರೂ ಸಹಿಸಿಕೊಳ್ಳುವ ಔದಾರ್ಯವೇ ಸರಿ. ಆದರೂ ಒಂದರ ಸರಿದಾಟ ಇನ್ನೊಂದರ ಅತೃಪ್ತಿಗೆ ಕಾರಣವಾಗುತ್ತ, ಕೊನೆಗೆ ಹಾಸಿನ ಮೇಲೆ ಒಂದೊಂದು ಬಗೆಯ ನಾಣ್ಯಗಳೇ ಗುಂಪುಗುಂಪಾಗಿ ಉಳಿಯುತ್ತವೆ. ಯಾರೊಬ್ಬರೂ ಬಯಸದ ಪ್ರತ್ಯೇಕತೆ ಎಲ್ಲರ ಸಣ್ಣ ಸಣ್ಣ ನಿರ್ಧಾರಗಳಿಂದ ಒದಗುತ್ತದೆ. ಶೆಲ್ಲಿಂಗರ ನಾಣ್ಯಗಳಿಗೆ ಬ್ಯಾಂಕಿನ ಸಾಲವಿಲ್ಲ, ದಲ್ಲಾಳಿಯಿಲ್ಲ, ಸರಕಾರವಿಲ್ಲ. ವಾಸ್ತವದಲ್ಲಿ ಇವೆಲ್ಲವೂ ಇದ್ದು ಪ್ರತ್ಯೇಕತೆಯ ಕಡೆಗೇ ಬಲವಾಗಿ ತಳ್ಳಿದ್ದುವು. 1934ರಲ್ಲಿ ಸ್ಥಾಪಿತವಾದ ಕೇಂದ್ರ ಗೃಹನಿರ್ಮಾಣ ಆಡಳಿತವು ಕರಿಯರ ಬಡಾವಣೆಗಳಲ್ಲಿನ ಸಾಲಗಳಿಗೆ ದಶಕಗಳ ಕಾಲ ಖಾತರಿ ನಿರಾಕರಿಸಿತು. ವಸತಿಯಲ್ಲಿ ಜನಾಂಗಭೇದವನ್ನು ನಿಷೇಧಿಸಿದ ಕೇಂದ್ರ ಶಾಸನ ಬಂದದ್ದು 1968ರ ಏಪ್ರಿಲಿನಲ್ಲಿ, ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾದ ಒಂದು ವಾರಕ್ಕೆ.

ಹೀಗಿರಲಾಗಿ, ಐವತ್ತು ವರ್ಷಗಳಿಗೂ ಮಿಗಿಲಾಗಿ ಮಿಶ್ರವಾಗಿಯೇ ಉಳಿದುಬಂದ ಊರೊಂದಿದ್ದರೆ ಅದನ್ನು ಸಮೀಪದಿಂದ ನೋಡತಕ್ಕದ್ದು. ಶಿಕಾಗೊ ನಗರದ ಪಶ್ಚಿಮದ ಅಂಚಿಗೆ ಹೊಂದಿಕೊಂಡಿರುವ ಓಕ್ ಪಾರ್ಕ್ ಅಂಥ ಊರು. ಹೆಮಿಂಗ್ವೇ ಹುಟ್ಟಿದ ಊರೆಂದೂ, ಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಮನೆಗಳನ್ನು ಕಟ್ಟಿದ ಊರೆಂದೂ ಇದು ಪ್ರಸಿದ್ಧವಾಗಿದೆ. 1950ರಲ್ಲಿ ರಸಾಯನಶಾಸ್ತ್ರಜ್ಞ ಪರ್ಸಿ ಜೂಲಿಯನ್ ಇಲ್ಲಿ ಮನೆ ಕೊಂಡರು. ಕಣ್ಣಿನ ರೋಗಕ್ಕೆ ಔಷಧಿಯಾದ ಫೈಸೊಸ್ಟಿಗ್ಮಿನ್ ಎಂಬ ವಸ್ತುವನ್ನು ಪ್ರಯೋಗಶಾಲೆಯಲ್ಲಿ ಸಂಯೋಜಿಸಿ ಹೆಸರಾಗಿದ್ದ ಈ ವಿದ್ವಾಂಸರು ಕರಿಯರೆಂಬ ಒಂದೇ ಕಾರಣಕ್ಕೆ, ಕುಟುಂಬವು ವಾಸಕ್ಕೆ ಬರುವ ಮೊದಲೇ ಆ ಮನೆಗೆ ಬೆಂಕಿಯಿಡುವ ಯತ್ನ ನಡೆಯಿತು. ಮರುವರ್ಷ ಡೈನಮೈಟ್ ಎಸೆದರು. ಜೂಲಿಯನ್ನರು ಊರು ಬಿಡಲಿಲ್ಲ. ಆದರೂ 1970ರ ಜನಗಣತಿಯಲ್ಲಿ ಕರಿಯರ ಸಂಖ್ಯೆ ನೂರಕ್ಕೆ ಒಬ್ಬರಿಗಿಂತ ಕಡಿಮೆಯಾಗಿತ್ತು.

ಅದೇ ಕಾಲದಲ್ಲಿ ಬೀದಿಯ ಆಚೆಗೆ ಶಿಕಾಗೊ ನಗರಕ್ಕೆ ಸೇರಿದ ಆಸ್ಟಿನ್ ಬಡಾವಣೆಯಲ್ಲಿ ನಾಣ್ಯಗಳ ಆಟ ನಡೆಯುತ್ತಿತ್ತು. ಕರಿಯ ಕುಟುಂಬವೊಂದು ಬಂದೊಡನೆ ದಲ್ಲಾಳಿಗಳು ಬಿಳಿಯರ ಬಾಗಿಲು ತಟ್ಟಿ, ಬೆಲೆ ಬಿದ್ದುಹೋಗುವುದಕ್ಕೆ ಮೊದಲು ಮಾರಿಬಿಡಿರೆಂದು ಹೆದರಿಸುವುದು, ಅಗ್ಗವಾಗಿ ಕೊಂಡ ಮನೆಯನ್ನು ಹೆಚ್ಚಿನ ಬೆಲೆಗೆ ಕರಿಯರಿಗೆ ಮಾರುವುದು ಆಗಿನ ರೂಢಿ. 1970ರಲ್ಲಿ ಆಸ್ಟಿನ್ನಿನ ನಿವಾಸಿಗಳಲ್ಲಿ ಸುಮಾರು ಮೂರರಲ್ಲೊಂದು ಭಾಗವಿದ್ದ ಕರಿಯರು 1980ರಲ್ಲಿ ಸುಮಾರು ಮುಕ್ಕಾಲು ಭಾಗವಾದರು. ಓಕ್ ಪಾರ್ಕಿಗೂ ಇದೇ ಗತಿಯೆಂದು ಅನೇಕರು ಭಾವಿಸಿದ್ದರು.

ಆ ಗತಿ ಬರಲಿಲ್ಲವೆಂಬುದಕ್ಕೆ ಕಾರಣ ಊರವರು ಕೈಗೊಂಡ ವಿಧಿಗಳು. 1968ರ ಮೇ ತಿಂಗಳಲ್ಲಿ ಊರಿನ ಆಡಳಿತ ಮಂಡಲಿ ತನ್ನದೇ ವಸತಿ ಸಮಾನತೆಯ ನಿಬಂಧನೆಯನ್ನು ಅಂಗೀಕರಿಸಿತು. 1972ರಲ್ಲಿ ರಾಬರ್ಟಾ ರೇಮಂಡ್ ಎಂಬುವರ ನೇತೃತ್ವದಲ್ಲಿ ಓಕ್ ಪಾರ್ಕ್ ಗೃಹಕೇಂದ್ರ ಪ್ರಾರಂಭವಾಯಿತು. ಬಾಡಿಗೆ ಮನೆ ಅರಸಿ ಬಂದ ಬಿಳಿಯರಿಗೆ ಆಸ್ಟಿನ್ನಿಗೆ ಸಮೀಪವಾದ ಪೂರ್ವಭಾಗವನ್ನೂ, ಕರಿಯರಿಗೆ ಅವರು ವಿರಳವಾಗಿದ್ದ ಬೀದಿಗಳನ್ನೂ ಈ ಕೇಂದ್ರ ಸೂಚಿಸುತ್ತಿತ್ತು, ಒತ್ತಾಯವಿರಲಿಲ್ಲ. ‘ಮನೆ ಮಾರಾಟಕ್ಕಿದೆ’ ಎಂಬ ಫಲಕಗಳು ಸಾಲಾಗಿ ಕಂಡರೆ ಭೀತಿ ಹಬ್ಬುವುದೆಂದು ಅವುಗಳನ್ನು ನಿಷೇಧಿಸಿದರು. ಇಂಥ ನಿಷೇಧ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ, ಬೇರೊಂದು ಊರಿನ ಮೊಕದ್ದಮೆಯಲ್ಲಿ, ತೀರ್ಪಿತ್ತ ಮೇಲೆಯೂ ಓಕ್ ಪಾರ್ಕಿನ ದಲ್ಲಾಳಿಗಳು ಸ್ವಇಚ್ಛೆಯಿಂದ ಫಲಕ ಹಾಕದೆ ಇದ್ದರು. 1978ರಲ್ಲಿ ಮನೆಯ ಬೆಲೆ ಕುಸಿದರೆ ನಷ್ಟದ ಬಹುಭಾಗವನ್ನು ಊರೇ ತುಂಬಿಕೊಡುವ ವಿಮಾಯೋಜನೆಯೊಂದನ್ನು ಏರ್ಪಡಿಸಿದರು. ಊರಿನ ಹೊಸ ಆಡಳಿತ ಭವನವನ್ನು ಎಲ್ಲರೂ ಅನುಮಾನದಿಂದ ನೋಡುತ್ತಿದ್ದ ಪೂರ್ವಭಾಗದಲ್ಲಿಯೇ ಕಟ್ಟಿದರು. ಆಸ್ಟಿನ್ ಮತ್ತು ಓಕ್ ಪಾರ್ಕುಗಳನ್ನು ಹೋಲಿಸಿ ಕ್ಯಾರೊಲ್ ಗುಡ್ವಿನ್ 1979ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದಲ್ಲಿ ಇಂದಿಗೂ ವ್ಯಾಸಂಗಯೋಗ್ಯ. ಸ್ವತಂತ್ರ ಆಡಳಿತವುಳ್ಳ ಸಣ್ಣ ಊರು ಮಾಡಬಲ್ಲದ್ದನ್ನು ಮಹಾನಗರದ ಒಂದು ಬಡಾವಣೆ ಮಾಡಲಾರದೆಂಬುದನ್ನು ಓದುಗರು ಅಲ್ಲಿ ಕಾಣಬಹುದು.

ಈ ವಿಧಾನವನ್ನು ಎಲ್ಲರೂ ಮೆಚ್ಚಿದರೆಂದಲ್ಲ. ಕರಿಯರು ಎಲ್ಲಿ ಇರಬೇಕೆಂಬುದಕ್ಕೆ ಸಲಹೆ ನೀಡುವುದೇ ಒಂದು ಬಗೆಯ ನಿಯಂತ್ರಣವಲ್ಲವೇ ಎಂಬ ಆಕ್ಷೇಪ ಪ್ರಬಲವಾದದ್ದು. ಬಿಳಿಯರ ಭೀತಿಯನ್ನು ಸಂತೈಸುವುದೇ ಇದರ ಗುರಿಯೆಂದವರೂ ಉಂಟು. ನಮಗೆ ಈ ಆಕ್ಷೇಪದಲ್ಲಿ ಸತ್ಯಾಂಶವಿದೆಯೆಂದೇ ತೋರುತ್ತದೆ. ಆದರೆ ಫಲವನ್ನೂ ಅಲ್ಲಗಳೆಯಲಾಗದು: 2020ರ ಜನಗಣತಿಯಲ್ಲಿ 54,583 ನಿವಾಸಿಗಳಿದ್ದ ಈ ಊರಿನಲ್ಲಿ ಸುಮಾರು ಐವರಲ್ಲೊಬ್ಬರು ಕರಿಯರು, ಬಿಳಿಯರು ಅರ್ಧಕ್ಕಿಂತ ಹೆಚ್ಚು. ಅಲ್ಲಿಯ ಮಾಧ್ಯಮಿಕ ಶಾಲೆಗಳೆರಡರಲ್ಲಿ ಒಂದು ಜೂಲಿಯನ್ನರ ಹೆಸರನ್ನೂ ಮತ್ತೊಂದು ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸರ ಹೆಸರನ್ನೂ ಧರಿಸಿವೆ. ಓಹಾಯೊ ಸಂಸ್ಥಾನದ ಶೇಕರ್ ಹೈಟ್ಸ್ ಉಪನಗರದ ಇತಿಹಾಸವೂ ಇದಕ್ಕೆ ಸಮಾನವಾದದ್ದು. ಅಲ್ಲಿಯೂ 1956ರಲ್ಲಿ ಕರಿಯ ವಕೀಲರೊಬ್ಬರ ಮನೆಗೆ ಬಾಂಬಿಟ್ಟರು. ಮರುವರ್ಷವೇ ಲಡ್ಲೊ ಬಡಾವಣೆಯ ನಿವಾಸಿಗಳು ಸಂಘ ಕಟ್ಟಿ ನೆರೆಹೊರೆಯನ್ನು ಉಳಿಸಿಕೊಂಡರು.

ಇನ್ನು ‘ಒಳ್ಳೆಯ ಶಾಲೆ’ ಎಂಬ ಮಾತಿಗೆ ಬರೋಣ. ಮನೆ ಹುಡುಕುವ ತಂದೆತಾಯಿಗಳ ಕಣ್ಣಿಗೆ ಮೊದಲು ಬೀಳುವುದು ಹತ್ತಕ್ಕೆ ಇಷ್ಟೆಂದು ಶಾಲೆಗಳಿಗೆ ಕೊಟ್ಟಿರುವ ಅಂಕ. ಈ ಅಂಕಗಳಿಗೆ ಬಹುಕಾಲ ಆಧಾರವಾಗಿದ್ದುದು ಪರೀಕ್ಷೆಯಲ್ಲಿ ಮಕ್ಕಳು ಪಡೆದ ಸರಾಸರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸೀನ್ ರಿಯರ್ಡನ್ ದೇಶದ ಬಹುಮಟ್ಟಿಗೆ ಎಲ್ಲ ಶಾಲಾ ಜಿಲ್ಲೆಗಳ ಪರೀಕ್ಷಾಫಲಗಳನ್ನು ಕೂಡಿಸಿ ಪರಿಶೀಲಿಸಿದಾಗ, ಸರಾಸರಿಯು ಕುಟುಂಬಗಳ ಐಶ್ವರ್ಯ ಮತ್ತು ವಿದ್ಯೆಯೊಡನೆ ಅತಿ ನಿಕಟವಾಗಿ ಹೊಂದಿಕೊಂಡಿರುವುದು ಕಂಡುಬಂದಿತು. ಒಂದು ತರಗತಿಯಿಂದ ಮುಂದಿನದಕ್ಕೆ ಮಕ್ಕಳು ಎಷ್ಟು ಮುಂದುವರಿಯುತ್ತಾರೆ ಎಂಬ ಬೆಳವಣಿಗೆಯ ಅಳತೆಗಾದರೋ ಐಶ್ವರ್ಯದೊಡನೆ ದುರ್ಬಲವಾದ ಸಂಬಂಧ ಮಾತ್ರ. ಬಡಮಕ್ಕಳೇ ಬಹುಸಂಖ್ಯೆಯಲ್ಲಿರುವ ಶಿಕಾಗೊ ನಗರದ ಶಾಲೆಗಳಲ್ಲಿ 2009ರಿಂದ 2014ರವರೆಗೆ ಮಕ್ಕಳು ಮೂರನೆಯ ತರಗತಿಯಿಂದ ಎಂಟನೆಯದನ್ನು ಮುಟ್ಟುವಷ್ಟರಲ್ಲಿ, ಅಂದರೆ ಐದು ವರ್ಷಗಳಲ್ಲಿ, ಸುಮಾರು ಆರು ವರ್ಷಗಳಷ್ಟು ಕಲಿತರೆಂದು 2017ರಲ್ಲಿ ಅವರು ತಿಳಿಸಿದರು. ಸರಾಸರಿಯು ಮಗು ಮನೆಯಿಂದ ತಂದದ್ದನ್ನು ಹೆಚ್ಚಾಗಿ ಅಳೆಯುತ್ತದೆ, ಬೆಳವಣಿಗೆಯು ಶಾಲೆ ಕೊಟ್ಟದ್ದನ್ನು. ಮಿಶ್ರ ಊರಿನ ಶಾಲೆಯಲ್ಲಿ ನಾನಾ ಸ್ಥಿತಿಗತಿಗಳ ಮಕ್ಕಳಿರುವುದರಿಂದ ಅದರ ಸರಾಸರಿ ಶ್ರೀಮಂತರೇ ತುಂಬಿದ ನೆರೆಯೂರಿಗಿಂತ ಕೆಳಗಿರುವುದು ಸಹಜ. ಅಷ್ಟರಿಂದಲೇ ಆ ಶಾಲೆಯನ್ನು ಕೈಬಿಡುವವರು ತಮ್ಮ ಮಗುವಿನ ಕಲಿಕೆಯನ್ನು ಕುರಿತು ಏನನ್ನೂ ತಿಳಿದಂತಾಗುವುದಿಲ್ಲ.

ಆದರೆ ಇಲ್ಲಿಗೆ ವಿಚಾರ ಮುಗಿಯಲಿಲ್ಲ. ಊರು ಮಿಶ್ರವಾಗಿರಬಹುದು, ಶಾಲೆಯ ಹಾಜರಿ ಪುಸ್ತಕವೂ ಮಿಶ್ರವಾಗಿರಬಹುದು. ತರಗತಿಯ ಕೋಣೆ ಹಾಗಿರದೆ ಇರಬಹುದು. ಅಮೆರಿಕದ ಪ್ರೌಢಶಾಲೆಗಳಲ್ಲಿ ಒಂದೇ ವಿಷಯವನ್ನು ಸಾಮಾನ್ಯ, ಉನ್ನತ, ಅತ್ಯುನ್ನತ ಎಂದು ಬೇರೆ ಬೇರೆ ಮಟ್ಟಗಳಲ್ಲಿ ಕಲಿಸುವ ಪದ್ಧತಿ ರೂಢವಾಗಿದೆ. ಓಕ್ ಪಾರ್ಕ್ ಮತ್ತು ರಿವರ್ ಫಾರೆಸ್ಟ್ ಊರುಗಳಿಗೆ ಸಾಮಾನ್ಯವಾದ ಪ್ರೌಢಶಾಲೆಯಲ್ಲಿ ಉನ್ನತ ಮಟ್ಟದ ತರಗತಿಗಳಲ್ಲಿ ಬಿಳಿಯ ಮಕ್ಕಳೂ ಸಾಮಾನ್ಯ ಮಟ್ಟದಲ್ಲಿ ಕರಿಯ ಮಕ್ಕಳೂ ಹೆಚ್ಚಾಗಿ ಸೇರಿಕೊಳ್ಳುತ್ತಿದ್ದರು. ಅದೇ ಊರಿನ ನಿವಾಸಿಯಾದ ಚಿತ್ರನಿರ್ದೇಶಕ ಸ್ಟೀವ್ ಜೇಮ್ಸ್ ಆ ಶಾಲೆಯಲ್ಲಿ ಒಂದು ವರ್ಷ ಚಿತ್ರಿಸಿ 2018ರಲ್ಲಿ ಬಿಡುಗಡೆ ಮಾಡಿದ ಸಾಕ್ಷ್ಯಚಿತ್ರಮಾಲೆ ಇದನ್ನು ದೇಶಕ್ಕೆಲ್ಲ ತೋರಿಸಿತು. ಮಾನವಶಾಸ್ತ್ರಜ್ಞ ಜಾನ್ ಒಗ್ಬು 2003ರ ತಮ್ಮ ಗ್ರಂಥದಲ್ಲಿ ಶೇಕರ್ ಹೈಟ್ಸ್ ಶಾಲೆಗಳ ಕರಿಯ ಮಕ್ಕಳ ಹಿನ್ನಡೆಯನ್ನು ವಿವೇಚಿಸಿ, ಮನೆ ಮತ್ತು ಸಮುದಾಯದ ಧೋರಣೆಗಳ ಮೇಲೆ ಹೆಚ್ಚು ಹೊಣೆ ಹೊರಿಸಿದರು. ಇದು ತೀವ್ರವಾದ ವಾದಕ್ಕೆ ಎಡೆಕೊಟ್ಟಿತು. ಶೇಕರ್ ಹೈಟ್ಸ್ 2020ರಲ್ಲಿ ಈ ಮಟ್ಟವಾರು ವಿಂಗಡಣೆಯನ್ನು ಬಹುಮಟ್ಟಿಗೆ ತೆಗೆದುಹಾಕಿತು. ಓಕ್ ಪಾರ್ಕಿನ ಪ್ರೌಢಶಾಲೆ 2022ರಿಂದ ಮೊದಲ ವರ್ಷದ ಹಲವು ವಿಷಯಗಳಲ್ಲಿ ಎಲ್ಲರಿಗೂ ಒಂದೇ ಉನ್ನತ ಪಾಠಕ್ರಮವನ್ನು ತಂದಿತು. ತಮ್ಮ ಮಕ್ಕಳ ಓಟಕ್ಕೆ ಇದರಿಂದ ಕಡಿವಾಣ ಬೀಳುವುದೆಂದು ಅಂಜುವ ತಂದೆತಾಯಿಗಳೂ ಉಂಟು, ಇಷ್ಟು ತಡವಾಯಿತಲ್ಲ ಎನ್ನುವವರೂ ಉಂಟು. ಊರನ್ನು ಆರಿಸುವವರು ಶಾಲೆಯವರನ್ನು ಕೇಳಬೇಕಾದ ಪ್ರಶ್ನೆ ಇಲ್ಲಿದೆ: ಎಂಟನೆಯ ತರಗತಿಯಲ್ಲಿ ಬೀಜಗಣಿತ ಓದುವವರು ಯಾರು, ಅದನ್ನು ಯಾರು ನಿರ್ಣಯಿಸುತ್ತಾರೆ, ಒಮ್ಮೆ ಕೆಳಮಟ್ಟಕ್ಕೆ ಸೇರಿದ ಮಗು ಮೇಲಕ್ಕೆ ಬರಲು ದಾರಿಯುಂಟೆ?

ಇಂಥ ಪ್ರಶ್ನೆಗಳಿಗೆ ಮನೆಯ ದಲ್ಲಾಳಿಯಿಂದ ಉತ್ತರ ನಿರೀಕ್ಷಿಸಬಾರದು. ಗ್ರಾಹಕನನ್ನು ಅವನ ಜನಾಂಗ ನೋಡಿ ಒಂದು ಬಡಾವಣೆಯ ಕಡೆಗೆ ತಿರುಗಿಸುವುದು 1968ರ ಶಾಸನದಂತೆ ಅಪರಾಧ; ಆದುದರಿಂದ ಪ್ರಾಮಾಣಿಕನಾದ ದಲ್ಲಾಳಿ ಶಾಲೆ ಮತ್ತು ನೆರೆಹೊರೆಯ ಮಾತು ಬಂದಾಗ ಮೌನ ವಹಿಸುತ್ತಾನೆ. ಎಲ್ಲರೂ ಪ್ರಾಮಾಣಿಕರಲ್ಲ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ‘ನ್ಯೂಸ್‌ಡೇ’ ಪತ್ರಿಕೆ ಒಂದೇ ಬಗೆಯ ಆರ್ಥಿಕ ಸ್ಥಿತಿಯವರೆಂದು ಹೇಳಿಕೊಳ್ಳುವ ಜೋಡಿ ಗ್ರಾಹಕರನ್ನು ಗುಪ್ತವಾಗಿ ಕಳುಹಿಸಿ 2019ರಲ್ಲಿ ಪ್ರಕಟಿಸಿದ ತನಿಖೆಯಲ್ಲಿ, ಕರಿಯ ಗ್ರಾಹಕರ ಪರೀಕ್ಷೆಗಳಲ್ಲಿ ಶೇಕಡ 49ರಲ್ಲಿಯೂ ಏಷ್ಯದವರ ಪರೀಕ್ಷೆಗಳಲ್ಲಿ ಶೇಕಡ 19ರಲ್ಲಿಯೂ ಭೇದದ ನಡವಳಿಕೆ ಕಂಡುಬಂದಿತು. ಆದಕಾರಣ ಸಂಸ್ಥಾನ ಸರಕಾರಗಳು ಪ್ರತಿವರ್ಷ ಪ್ರಕಟಿಸುವ ಶಾಲಾ ವರದಿಗಳನ್ನೇ ನೇರವಾಗಿ ನೋಡುವುದು ಉತ್ತಮ. ಜನಾಂಗ ಮತ್ತು ಆದಾಯಕ್ಕನುಗುಣವಾಗಿ ಮಕ್ಕಳ ಫಲಿತಾಂಶಗಳನ್ನು ಬೇರೆ ಬೇರೆಯಾಗಿ ತಿಳಿಸಬೇಕೆಂದು ಕೇಂದ್ರ ಶಾಸನವೇ ವಿಧಿಸಿದೆ.

ನಮ್ಮವರ ಆಯ್ಕೆಯಲ್ಲಿ ಇನ್ನೊಂದು ತೊಡಕುಂಟು. 1965ರ ವಲಸೆ ಶಾಸನದ ತರುವಾಯ ಹೋದ ಕನ್ನಡಿಗರು, ಅದರಲ್ಲಿಯೂ ಗಣಕ ಉದ್ಯಮದ ಕಾಲದಲ್ಲಿ ಹೋದವರು, ಹತ್ತಕ್ಕೆ ಹತ್ತು ಅಂಕವುಳ್ಳ ಶಾಲೆಯನ್ನೂ ಭಾರತೀಯರ ಸಹವಾಸವನ್ನೂ ಅರಸುತ್ತ ಕೆಲವೇ ಉಪನಗರಗಳಲ್ಲಿ ಕಿಕ್ಕಿರಿದಿದ್ದಾರೆ. ಕನ್ನಡ ಕೂಟ ಹತ್ತಿರವಿರಬೇಕು, ಮಗುವಿಗೆ ಕನ್ನಡ ಕಲಿಸುವವರು ಸಿಗಬೇಕು ಎಂಬ ಆಸೆ ನ್ಯಾಯವಾದದ್ದೇ. ಆದರೆ ಕ್ಯಾಲಿಫೋರ್ನಿಯದ ಕುಪರ್ಟಿನೊದಲ್ಲಿ ಏಷ್ಯದ ಮಕ್ಕಳು ಹೆಚ್ಚಿದಂತೆ, ಪೈಪೋಟಿ ಅತಿಯಾಯಿತೆಂದು ಬಿಳಿಯ ಕುಟುಂಬಗಳು ಅಲ್ಲಿಯ ಪ್ರೌಢಶಾಲೆಗಳಿಂದ ದೂರ ಸರಿಯುತ್ತಿರುವುದನ್ನು 2005ರಲ್ಲಿಯೇ ‘ವಾಲ್ ಸ್ಟ್ರೀಟ್ ಜರ್ನಲ್’ ವರದಿ ಮಾಡಿತ್ತು. ಶೆಲ್ಲಿಂಗರ ಹಾಸಿನ ಮೇಲೆ ನಾವೂ ನಾಣ್ಯಗಳೇ. ತೊಗಲಿನ ಬಣ್ಣ ಬೇರೆಯಾದ ಮಾತ್ರಕ್ಕೆ ಊರು ಮಿಶ್ರವಾಗುವುದಿಲ್ಲ. ಎಲ್ಲರೂ ಒಂದೇ ಉದ್ಯೋಗದವರಾಗಿ ಒಂದೇ ಆದಾಯದವರಾಗಿದ್ದರೆ ಮಗುವಿಗೆ ಕಾಣುವ ಲೋಕ ಕಿರಿದೇ ಆಗಿರುತ್ತದೆ. ಬಾಡಿಗೆಯ ಮನೆಗಳೂ ಸ್ವಂತ ಮನೆಗಳೂ, ಸಣ್ಣವೂ ದೊಡ್ಡವೂ ಒಂದೇ ಶಾಲೆಯ ಎಲ್ಲೆಯೊಳಗೆ ಇವೆಯೇ ಎಂಬುದನ್ನು ನೋಡಿದರೆ ಈ ವಿಷಯ ಬಹುಮಟ್ಟಿಗೆ ತಿಳಿದುಹೋಗುತ್ತದೆ.

ಕೊನೆಯದಾಗಿ ವ್ಯಾವಹಾರಿಕವಾದ ಒಂದು ಮಾತು. ಊರಿನ ಹೆಸರೂ ಶಾಲಾ ಜಿಲ್ಲೆಯ ಹೆಸರೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಓಕ್ ಪಾರ್ಕಿನಲ್ಲಿ ಮನೆ ಕೊಂಡವರು ಎಂಟನೆಯ ತರಗತಿಯವರೆಗೆ 97ನೆಯ ಜಿಲ್ಲೆಗೂ ಅನಂತರ 200ನೆಯ ಜಿಲ್ಲೆಗೂ ಸೇರುತ್ತಾರೆ, ಎರಡಕ್ಕೂ ತೆರಿಗೆ ತೆರುತ್ತಾರೆ. ಪ್ರಾಥಮಿಕ ಶಾಲೆಗಳ ಎಲ್ಲೆಗಳನ್ನು ಮಂಡಲಿ ಯಾವಾಗ ಬೇಕಾದರೂ ಬದಲಾಯಿಸಬಹುದು. ಆದುದರಿಂದ ಕರಾರಿಗೆ ರುಜು ಹಾಕುವ ಮೊದಲು ಮನೆಯ ಬಾಗಿಲಸಂಖ್ಯೆಯನ್ನು ಕೊಟ್ಟು ಜಿಲ್ಲೆಯ ಕಚೇರಿಯಲ್ಲಿಯೇ ವಿಚಾರಿಸಬೇಕು. ಸಾಧ್ಯವಿದ್ದವರು ಮೊದಲ ವರ್ಷ ಬಾಡಿಗೆಗಿದ್ದು, ಶಾಲಾಮಂಡಲಿಯ ಸಾರ್ವಜನಿಕ ಸಭೆಗಳಲ್ಲಿ ಒಂದೆರಡಕ್ಕೆ ಹೋಗಿ ಕುಳಿತು, ಊರವರು ಯಾವುದಕ್ಕಾಗಿ ಜಗಳವಾಡುತ್ತಾರೆಂಬುದನ್ನು ಕೇಳಿ ಬಂದ ಮೇಲೆ ಮನೆ ಕೊಳ್ಳಬಹುದು.