ಕ್ಷೇತ್ರದ ಗೆರೆ ಎಳೆಯುವವರು ಯಾರು?



ನಮ್ಮ ಚಿಕ್ಕೋಡಿ ಸೀಮೆಯ ಕಲಿಕಾ ಕೇಂದ್ರದಲ್ಲಿ ರಾತ್ರಿ ಎಂಟಕ್ಕೆ ಪಾಠ ಶುರು. ಮೊದಲು ಹತ್ತು ನಿಮಿಷ ಪೇಪರ್ ಓದುತ್ತೇವೆ. ಒಬ್ಬೊಬ್ಬರು ಒಂದೊಂದು ಸಾಲು. ಒಂದು ರಾತ್ರಿ ಒಬ್ಬ ಅಕ್ಕ ಅಕ್ಷರ ಕೂಡಿಸಿ ಕೂಡಿಸಿ ಓದಿದರು. "ಅಮೆರಿಕದ ಕಾಂಗ್ರೆಸ್ ಸದಸ್ಯ, ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್..." ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು.

"ಅಕ್ಕೋರ, ಕಾಂಗ್ರೆಸ್ ಪಕ್ಷ ಅಮೆರಿಕಾದಾಗೂ ಐತೇನ್ರಿ?"

ಎಲ್ಲರೂ ನಕ್ಕರು. ನನಗೆ ಮಾತ್ರ ಅದು ಒಳ್ಳೆಯ ಪ್ರಶ್ನೆ ಅನಿಸಿತು. ಮುಂದಿನ ಮೂರು ರಾತ್ರಿ ನಾವು ಇದನ್ನೇ ಮಾತಾಡಿದೆವು. ಅದನ್ನು ಇಲ್ಲಿ ಬರೆದಿದ್ದೇನೆ.

ಅಮೆರಿಕದಲ್ಲಿ ಕಾಂಗ್ರೆಸ್ ಎಂದರೆ ಪಕ್ಷ ಅಲ್ಲ. ಅವರ ಸಂಸತ್ತಿಗೇ ಆ ಹೆಸರು. ಅದರಲ್ಲಿ ಎರಡು ಮನೆ. ಒಂದು ಸೆನೆಟ್. ಇನ್ನೊಂದು ಪ್ರತಿನಿಧಿ ಸಭೆ. ಈ ಪ್ರತಿನಿಧಿ ಸಭೆ ನಮ್ಮ ಲೋಕಸಭೆ ಇದ್ದ ಹಾಗೆ. ಅಲ್ಲಿ 435 ಜನ ಸದಸ್ಯರು. ನಮ್ಮಲ್ಲಿ ಗೆದ್ದವರಿಗೆ ಐದು ವರ್ಷ. ಅಲ್ಲಿ ಎರಡೇ ವರ್ಷ. ಗೆದ್ದ ಹಾರ ಒಣಗುವುದರೊಳಗೆ ಮತ್ತೆ ಮನೆ ಮನೆಗೆ ಬಂದು ಕೈ ಮುಗಿಯಬೇಕು!

ಶ್ರೀ ಥಾಣೇದಾರ್ ಹುಟ್ಟಿದ್ದು 1955ರಲ್ಲಿ, ಚಿಕ್ಕೋಡಿಯಲ್ಲಿ. ಬೆಳೆದದ್ದು ಬೆಳಗಾವಿಯಲ್ಲಿ, ಬಡತನದಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದರು. 1979ರಲ್ಲಿ ಇನ್ನೂ ಓದಲು ಅಮೆರಿಕಕ್ಕೆ ಹೋದರು. ಅಲ್ಲಿಯೇ ವ್ಯಾಪಾರ ಮಾಡಿ ಬೆಳೆದರು. 2022ರಲ್ಲಿ, ಮತ್ತೆ 2024ರಲ್ಲಿ, ಮಿಷಿಗನ್ ಎಂಬ ರಾಜ್ಯದಿಂದ ಪ್ರತಿನಿಧಿ ಸಭೆಗೆ ಆರಿಸಿ ಬಂದರು. ಅವರು ನಿಂತದ್ದು 13ನೆಯ ಡಿಸ್ಟ್ರಿಕ್ಟ್‌ನಿಂದ.

ಡಿಸ್ಟ್ರಿಕ್ಟ್ ಎಂದರೆ ನಮಗೆ ಜಿಲ್ಲೆ. ಡಿಸಿ ಆಫೀಸು, ಜಿಲ್ಲಾ ಆಸ್ಪತ್ರೆ ನೆನಪಾಗುತ್ತದೆ. ಅಲ್ಲಿಯ ಚುನಾವಣೆಯ ಮಾತಿನಲ್ಲಿ ಹಾಗಲ್ಲ. ಅದು ಬರೀ ಮತಕ್ಷೇತ್ರ. ಅದಕ್ಕೆ ಕಚೇರಿ ಇಲ್ಲ, ಅಧಿಕಾರಿ ಇಲ್ಲ. ನಕ್ಷೆಯ ಮೇಲೆ ಒಂದು ಗೆರೆ, ಅಷ್ಟೇ. ಗೆರೆಯ ಒಳಗಿನವರು ಒಬ್ಬ ಸದಸ್ಯರನ್ನು ಆರಿಸುತ್ತಾರೆ.

ಈಗ ನಿಮ್ಮ ಬಲಗೈ ಎತ್ತಿ. ಅಂಗೈ ನಿಮ್ಮ ಮುಖದ ಕಡೆ ಇರಲಿ. ನಾಲ್ಕು ಬೆರಳು ಕೂಡಿಸಿ, ಹೆಬ್ಬೆರಳು ಸ್ವಲ್ಪ ದೂರ ಇಡಿ. ಇದೇ ಮಿಷಿಗನ್! ಅಲ್ಲಿಯವರು ತಮ್ಮ ಊರು ಎಲ್ಲಿದೆ ಎಂದು ಕೇಳಿದರೆ ಅಂಗೈ ಎತ್ತಿ ತೋರಿಸುತ್ತಾರೆ. ಹೆಬ್ಬೆರಳಿನ ಬುಡದ ಕೆಳಗೆ, ಬಲ ಅಂಚಿನಲ್ಲಿ, ಡೆಟ್ರಾಯಿಟ್ ಎಂಬ ದೊಡ್ಡ ನಗರ ಇದೆ. ಕಾರುಗಳನ್ನು ಮಾಡಿ ಹೆಸರಾದ ಊರು. ಬೆರಳುಗಳ ಮೇಲೆ, ನೀರಿನ ಆಚೆ, ಇನ್ನೊಂದು ತುಂಡು ನೆಲ ಇದೆ. ಸುತ್ತ ಸಮುದ್ರದಂಥ ದೊಡ್ಡ ಸರೋವರಗಳು.

ಈ ರಾಜ್ಯದಲ್ಲಿ 2020ರ ಜನಗಣತಿಯಂತೆ ಒಂದು ಕೋಟಿಗಿಂತ ಸ್ವಲ್ಪ ಹೆಚ್ಚು ಜನ. ಪ್ರತಿನಿಧಿ ಸಭೆಗೆ ಕ್ಷೇತ್ರಗಳು 13. ಒಂದು ಕ್ಷೇತ್ರಕ್ಕೆ ಸುಮಾರು 7 ಲಕ್ಷ 75 ಸಾವಿರ ಜನ. ನಮ್ಮ ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಸ್ಥಾನ. 2011ರ ಜನಗಣತಿಯಲ್ಲಿ ನಾವು 6 ಕೋಟಿ 11 ಲಕ್ಷ. ಹಾಗಾದರೆ ನಮ್ಮ ಒಬ್ಬ ಸಂಸದರಿಗೆ ಎಷ್ಟು ಜನ? ಲೆಕ್ಕ ನೀವೇ ಮಾಡಿ ನೋಡಿ.

ಜನರ ಸಂಖ್ಯೆ ಸಮ ಇರಬೇಕು ಎಂಬುದು ಅಲ್ಲಿಯ ನಿಯಮ. ನೆಲದ ಅಳತೆ ಸಮ ಇರಬೇಕಿಲ್ಲ. 1ನೆಯ ಕ್ಷೇತ್ರ ನೀರಿನ ಆಚೆಯ ನೆಲವನ್ನೂ ಬೆರಳ ತುದಿಗಳನ್ನೂ ಪೂರಾ ನುಂಗಿದೆ. ಅಲ್ಲಿ ಕಾಡು ಹೆಚ್ಚು, ಜನ ಕಡಿಮೆ. ಥಾಣೇದಾರರ 13ನೆಯ ಕ್ಷೇತ್ರವೋ, ಡೆಟ್ರಾಯಿಟ್‌ನ ಒಂದು ಭಾಗ ಮತ್ತು ಅಕ್ಕಪಕ್ಕದ ಊರುಗಳು, ಅಷ್ಟೇ.

ಹತ್ತು ವರ್ಷಕ್ಕೊಮ್ಮೆ ಜನಗಣತಿ ಆಗುತ್ತದೆ. ಆಗ 435 ಸ್ಥಾನಗಳನ್ನು ರಾಜ್ಯಗಳಿಗೆ ಮತ್ತೆ ಹಂಚುತ್ತಾರೆ. 1970ರ ಸುಮಾರಿಗೆ ಮಿಷಿಗನ್‌ಗೆ 19 ಸ್ಥಾನ ಇದ್ದವು. ಆಮೇಲೆ ಕಾರ್ಖಾನೆಗಳ ಕೆಲಸ ಕಡಿಮೆ ಆಯಿತು. ಬೇರೆ ರಾಜ್ಯಗಳು ಬೇಗ ಬೆಳೆದವು. ಸ್ಥಾನ ಇಳಿಯುತ್ತಾ ಬಂದು 2022ರ ಚುನಾವಣೆಗೆ 13 ಆಯಿತು. ಸ್ಥಾನ ಬದಲಾದಾಗ ಗೆರೆಗಳನ್ನು ಹೊಸದಾಗಿ ಎಳೆಯಬೇಕು.

ಎಳೆಯುವವರು ಯಾರು? ಇಡೀ ವಿಷಯ ಇರುವುದು ಇಲ್ಲಿಯೇ.

ಎರಡನೆಯ ರಾತ್ರಿ ನಾನು ಒಂದು ಹಿಡಿ ಹುಣಸೆ ಬೀಜ, ಒಂದು ಹಿಡಿ ಕಡಲೆ ಕಾಳು ತಂದೆ. ಚಾಪೆಯ ಮೇಲೆ 15 ಕಾಳು ಇಟ್ಟೆವು. ಇದು 15 ಮನೆಯ ಓಣಿ ಎಂದುಕೊಳ್ಳಿ. 9 ಮನೆಯವರಿಗೆ ನೀರಿನ ನಳ ಬೇಕು. ಅವು ಹುಣಸೆ ಬೀಜ. 6 ಮನೆಯವರಿಗೆ ಸಮುದಾಯ ಭವನ ಬೇಕು. ಅವು ಕಡಲೆ. ಐದೈದು ಮನೆಗೆ ಒಬ್ಬರಂತೆ ಮೂವರು ಸದಸ್ಯರನ್ನು ಆರಿಸಬೇಕು. ಯಾರು ಗೆಲ್ಲುತ್ತಾರೆ?

"ನಳದವರ ರೀ, ಮತ್ತ್ಯಾರು?" ಎಂದರು ಎಲ್ಲರೂ.

ನಾನು ಸೀಮೆಸುಣ್ಣ ತಗೊಂಡು ಗೆರೆ ಎಳೆದೆ. ಮೊದಲ ಗುಂಪಿನಲ್ಲಿ ಐದೂ ಹುಣಸೆ ಬೀಜ. ಎರಡನೆಯದರಲ್ಲಿ ಎರಡು ಹುಣಸೆ, ಮೂರು ಕಡಲೆ. ಮೂರನೆಯದರಲ್ಲೂ ಎರಡು ಹುಣಸೆ, ಮೂರು ಕಡಲೆ. ಈಗ ಎಣಿಸಿ. ನಳದವರಿಗೆ ಒಬ್ಬ ಸದಸ್ಯ. ಭವನದವರಿಗೆ ಇಬ್ಬರು! ಒಂದು ಕಾಳೂ ಕದ್ದಿಲ್ಲ. ಒಂದು ಮತವೂ ಸುಳ್ಳಲ್ಲ. ಗೆರೆ ಮಾತ್ರ ಬೇರೆ.

ಹಾಲು ಡೈರಿಗೆ ಹೋಗುವ ಅಕ್ಕ ಬಹಳ ಹೊತ್ತು ಚಾಪೆ ನೋಡಿದರು. "ಇದು ಕಳ್ಳತನಾನೇ ಬಿಡ್ರಿ" ಎಂದರು.

ಅಮೆರಿಕದಲ್ಲಿ ಇದಕ್ಕೆ ಜೆರ್ರಿಮ್ಯಾಂಡರ್ ಎಂಬ ವಿಚಿತ್ರ ಹೆಸರು ಇದೆ. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದವರು ಎಲ್‌ಬ್ರಿಜ್ ಗೆರ್ರಿ. ಅವರ ಪಕ್ಷಕ್ಕೆ ಅನುಕೂಲ ಆಗುವಂತೆ ಎಳೆದ ಒಂದು ಕ್ಷೇತ್ರ, ಹಲ್ಲಿಯಂಥ ಸಾಲಮ್ಯಾಂಡರ್ ಎಂಬ ಪ್ರಾಣಿಯ ಹಾಗೆ ಕಂಡಿತು. ಎರಡೂ ಹೆಸರು ಸೇರಿಸಿ ಪೇಪರಿನವರು ಹಾಸ್ಯ ಮಾಡಿದರು. ಆ ಮಾತು ಉಳಿಯಿತು. ಆಟವೂ ಉಳಿಯಿತು.

ಮಿಷಿಗನ್‌ನಲ್ಲಿ ಗೆರೆ ಎಳೆಯುತ್ತಿದ್ದವರು ರಾಜ್ಯದ ಶಾಸಕರೇ. ಎಂದರೆ ಅಧಿಕಾರದಲ್ಲಿರುವ ಪಕ್ಷ. 2011ರಲ್ಲಿ ರಿಪಬ್ಲಿಕನ್ ಪಕ್ಷದವರು ಎಳೆದರು. ಒಂದು ಕ್ಷೇತ್ರವಂತೂ ಡೆಟ್ರಾಯಿಟ್‌ನಿಂದ ಹೊರಟು, ಹಾವಿನಂತೆ ಹೊರಳಿ ಹೊರಳಿ, ಪಾಂಟಿಯಾಕ್ ಎಂಬ ಊರಿನ ತನಕ ಹೋಗಿತ್ತು. 2012ರ ಚುನಾವಣೆಯಲ್ಲಿ ಇಡೀ ರಾಜ್ಯದಲ್ಲಿ ಹೆಚ್ಚು ಮತ ಬಿದ್ದದ್ದು ಡೆಮಾಕ್ರಟಿಕ್ ಪಕ್ಷಕ್ಕೆ. ಆಗ ಇದ್ದ 14 ಸ್ಥಾನಗಳಲ್ಲಿ ಅವರಿಗೆ ಸಿಕ್ಕಿದ್ದು 5. ರಿಪಬ್ಲಿಕನ್ನರಿಗೆ 9. ನಮ್ಮ ಚಾಪೆಯ ಮೇಲಿನ ಲೆಕ್ಕವೇ. ಒಂದೇ ಪಕ್ಷದ ಮೇಲೆ ತಪ್ಪು ಹೊರಿಸುವುದು ಬೇಡ. ಇಲಿನಾಯ್, ಮೇರಿಲ್ಯಾಂಡ್ ರಾಜ್ಯಗಳಲ್ಲಿ ಡೆಮಾಕ್ರಟಿಕ್ ಪಕ್ಷದವರು ಇದೇ ಆಟ ಆಡಿದ್ದಾರೆ.

ಇನ್ನು ಒಬ್ಬ ಹೆಣ್ಣುಮಗಳ ಕಥೆ ಕೇಳಿ. ಹೆಸರು ಕೇಟಿ ಫೇಹಿ. ವಯಸ್ಸು 27. ಕಸದ ಮರುಬಳಕೆಗೆ ಸಂಬಂಧಿಸಿದ ಒಂದು ಸಂಸ್ಥೆಯಲ್ಲಿ ನೌಕರಿ. ಅವರು ರಾಜಕಾರಣಿ ಅಲ್ಲ, ವಕೀಲೆಯೂ ಅಲ್ಲ. 2016ರ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಫೇಸ್‌ಬುಕ್‌ನಲ್ಲಿ ಎರಡು ಸಾಲು ಬರೆದರು. ಈ ಗೆರೆಯ ಆಟ ನಿಲ್ಲಿಸಬೇಕು ಅಂತಿದ್ದೇನೆ, ಯಾರಾದರೂ ಜೊತೆಗೆ ಬರುತ್ತೀರಾ ಎಂಬುದು ಅದರ ಅರ್ಥ. ಜನ ಬಂದರು. ಊರೂರಿನಲ್ಲಿ ಸಭೆ ಮಾಡಿದರು. ಗೆರೆ ಯಾರು ಎಳೆಯಬೇಕು ಎಂದು ಜನರನ್ನೇ ಕೇಳಿದರು.

ಅಲ್ಲಿ ಒಂದು ಅನುಕೂಲ ಇದೆ. ಸಾಕಷ್ಟು ಮತದಾರರು ಸಹಿ ಮಾಡಿದರೆ, ರಾಜ್ಯದ ಸಂವಿಧಾನವನ್ನು ತಿದ್ದುವ ಪ್ರಶ್ನೆಯನ್ನು ನೇರವಾಗಿ ಜನರ ಮತಕ್ಕೆ ಇಡಬಹುದು. ಬೇಕಾದದ್ದು ಮೂರು ಲಕ್ಷಕ್ಕೂ ಹೆಚ್ಚು ಸಹಿ. ಸಾಮಾನ್ಯವಾಗಿ ಇದಕ್ಕೆ ಕೂಲಿ ಕೊಟ್ಟು ಜನರನ್ನು ಇಡುತ್ತಾರೆ. ಇವರ ಹತ್ತಿರ ದುಡ್ಡು ಎಲ್ಲಿತ್ತು? ಸ್ವಯಂಸೇವಕರೇ ಜಾತ್ರೆಗಳಲ್ಲಿ, ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಹಲಗೆ, ಪೆನ್ನು ಹಿಡಿದು ನಿಂತರು. ನಾಲ್ಕು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು.

ಈ ಮಾತು ಬಂದಾಗ ನಮ್ಮ ಕೇಂದ್ರದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೋದ ವರ್ಷದವರೆಗೆ ಇವರಲ್ಲಿ ಹೆಚ್ಚಿನವರು ಹೆಬ್ಬೆಟ್ಟು ಒತ್ತುತ್ತಿದ್ದರು. ಸಹಿ ಎಂದರೆ ಏನು ಎಂದು ಅವರಿಗೆ ನಾನು ಹೇಳಬೇಕಿಲ್ಲ.

ವಿರೋಧಿಗಳು ಕೋರ್ಟಿಗೆ ಹೋದರು. ರಾಜ್ಯದ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರಲ್ಲಿ ನಾಲ್ವರು ಜನರ ಪರ, ಮೂವರು ವಿರುದ್ಧ. ಕೂದಲೆಳೆಯಲ್ಲಿ ಉಳಿಯಿತು. 2018ರ ನವೆಂಬರ್‌ನಲ್ಲಿ ಮತದಾನ ಆಯಿತು. ನೂರಕ್ಕೆ 61 ಮಂದಿ ಹೌದು ಎಂದರು.

ಆಗ 13 ಜನರ ಒಂದು ಆಯೋಗ ಬಂತು. ನಾಲ್ವರು ಒಂದು ಪಕ್ಷದ ಕಡೆಯವರು, ನಾಲ್ವರು ಇನ್ನೊಂದು ಪಕ್ಷದವರು, ಐವರು ಯಾವ ಪಕ್ಷಕ್ಕೂ ಸೇರದವರು. ಚುನಾಯಿತ ನಾಯಕರು ಸೇರುವಂತಿಲ್ಲ. ಅವರ ಗಂಡ, ಹೆಂಡತಿ, ಮಕ್ಕಳೂ ಸೇರುವಂತಿಲ್ಲ. (ಇದನ್ನು ಕೇಳಿ ನಮ್ಮವರು ಬಹಳ ಖುಷಿಪಟ್ಟರು!) ಒಂಬತ್ತು ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನ ಅರ್ಜಿ ಹಾಕಿದರು. ಚೀಟಿ ಎತ್ತಿದ ಹಾಗೆ ಹೆಸರು ಆರಿಸಿದರು.

ಅವರು ಎಳೆದ ಗೆರೆಯಲ್ಲಿ 2022ರಲ್ಲಿ ಮೊದಲ ಚುನಾವಣೆ ಆಯಿತು. ಡೆಮಾಕ್ರಟಿಕ್ 7, ರಿಪಬ್ಲಿಕನ್ 6. 2024ರಲ್ಲಿ ಅದೇ ಗೆರೆ, ಫಲಿತಾಂಶ ತಿರುಗಿತು. ರಿಪಬ್ಲಿಕನ್ 7, ಡೆಮಾಕ್ರಟಿಕ್ 6. ಜನರ ಮನಸ್ಸು ತಿರುಗಿದರೆ ಸ್ಥಾನವೂ ತಿರುಗುತ್ತದೆ ಎಂದಾಯಿತು. 10ನೆಯ ಕ್ಷೇತ್ರದಲ್ಲಿ 2022ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಗೆಲುವಿನ ಅಂತರ ಸುಮಾರು 1,600.

ಎಲ್ಲರಿಗೂ ಸಂತೋಷ ಆಯಿತೆ? ಇಲ್ಲ. ಡೆಟ್ರಾಯಿಟ್‌ನಲ್ಲಿ ಕಪ್ಪು ಜನರೇ ಹೆಚ್ಚು. ಹೊಸ ಗೆರೆ ನಗರವನ್ನು ಸೀಳಿ ಹೊರಗಿನ ಊರುಗಳ ಜೊತೆ ಸೇರಿಸಿತು, ನಮ್ಮ ಬಲ ಒಡೆಯಿತು ಎಂದು ಅನೇಕರು ದೂರಿದರು. 1955ರಿಂದ ಆ ನಗರದಿಂದ ಒಬ್ಬರಾದರೂ ಕಪ್ಪು ಸದಸ್ಯರು ಕಾಂಗ್ರೆಸ್ಸಿನಲ್ಲಿ ಇರುತ್ತಿದ್ದರು. 2022ರ ಚುನಾವಣೆಯ ನಂತರ ಒಬ್ಬರೂ ಇರಲಿಲ್ಲ. ನಮ್ಮ ಚಿಕ್ಕೋಡಿಯವರು ಗೆದ್ದರು ಎಂದು ನಾವು ಹಿಗ್ಗುತ್ತೇವೆ. ಆ ಗೆಲುವಿನ ಇನ್ನೊಂದು ಮಗ್ಗುಲು ಇದು. ರಾಜ್ಯದ ಶಾಸಕರ ಕ್ಷೇತ್ರಗಳ ಗೆರೆಯ ಮೇಲೂ ದಾವೆ ಬಿತ್ತು. 2023ರ ಡಿಸೆಂಬರ್‌ನಲ್ಲಿ ಕೋರ್ಟು ಅಂಥ 13 ಕ್ಷೇತ್ರಗಳನ್ನು ತಪ್ಪು ಎಂದಿತು. ಜನಾಂಗ ನೋಡಿ ಗೆರೆ ಎಳೆದಿದ್ದೀರಿ, ಮತ್ತೆ ಎಳೆಯಿರಿ ಎಂದಿತು.

ಥಾಣೇದಾರರಿಗೆ ಟಿಕೆಟ್ ಸಿಕ್ಕಿದ್ದು ಹೇಗೆ ಎಂದು ಒಬ್ಬರು ಕೇಳಿದರು. ಅಲ್ಲಿ ಟಿಕೆಟನ್ನು ದೆಹಲಿಯಂಥ ಕಡೆ ಕುಳಿತವರು ಕೊಡುವುದಿಲ್ಲ. ಅದಕ್ಕೂ ಒಂದು ಚುನಾವಣೆ! ಆಗಸ್ಟ್‌ನಲ್ಲಿ ಮತದಾರರೇ ಪಕ್ಷದ ಅಭ್ಯರ್ಥಿಯನ್ನು ಆರಿಸುತ್ತಾರೆ. ನವೆಂಬರ್‌ನಲ್ಲಿ ಪಕ್ಷ ಪಕ್ಷದ ನಡುವೆ ಸ್ಪರ್ಧೆ. 2022ರ ಆಗಸ್ಟ್‌ನಲ್ಲಿ ಥಾಣೇದಾರರ ಪಕ್ಷದಲ್ಲೇ ಒಂಬತ್ತು ಜನ ಕಣದಲ್ಲಿದ್ದರು. ಮತ ಹಂಚಿಹೋಯಿತು. ಅವರು ನೂರಕ್ಕೆ 28ರಷ್ಟು ಮತ ಪಡೆದು ಮೊದಲಿಗರಾದರು. ಸ್ವಂತ ಹಣವನ್ನೂ ಧಾರಾಳ ಸುರಿದಿದ್ದರು. ದುಡ್ಡಿನ ಮಾತಿನಲ್ಲಿ ಆ ದೇಶ ನಮಗಿಂತ ಹಿಂದೆ ಏನಿಲ್ಲ.

ಮತ ಹಾಕುವುದು ಕಾಗದದ ಮೇಲೆ. ಉದ್ದ ಪಟ್ಟಿ ಇರುತ್ತದೆ. ಹೆಸರು ಓದಿ, ಪಕ್ಕದ ಮೊಟ್ಟೆಯಂಥ ಖಾನೆಯನ್ನು ಪೆನ್ನಿನಿಂದ ತುಂಬಬೇಕು. ಓದು ಬಾರದಿದ್ದರೆ ಕಷ್ಟ.

ಮಿಷಿಗನ್ ಹೆಂಗಸರಿಗೆ ಪೂರ್ಣ ಮತದ ಹಕ್ಕು ಬಂದದ್ದು 1918ರಲ್ಲಿ. ಅಲ್ಲಿಂದ ಒಬ್ಬ ಹೆಂಗಸು ಪ್ರತಿನಿಧಿ ಸಭೆಗೆ ಗೆಲ್ಲಲು 1950ರ ತನಕ ಕಾಯಬೇಕಾಯಿತು. 2024ರಲ್ಲಿ 13 ಸ್ಥಾನಗಳಲ್ಲಿ 6 ಹೆಂಗಸರು ಗೆದ್ದರು.

ಹೆಂಗಸು ಅಲ್ಲಿ ಕೂತರೆ ಏನು ಲಾಭ? ಮಾರ್ಥಾ ಗ್ರಿಫಿತ್ಸ್ ಎಂಬವರ ಸಂಗತಿ ಹೇಳುತ್ತೇನೆ. ಡೆಟ್ರಾಯಿಟ್ ಕಡೆಯಿಂದ 1954ರಲ್ಲಿ ಗೆದ್ದವರು. 1964ರಲ್ಲಿ ಕೆಲಸ ಕೊಡುವಾಗ ಬಣ್ಣ, ಧರ್ಮ ನೋಡಿ ಭೇದ ಮಾಡಬಾರದು ಎಂಬ ಕಾನೂನು ಚರ್ಚೆಗೆ ಬಂತು. ಅದರಲ್ಲಿ 'ಹೆಣ್ಣು, ಗಂಡು ಎಂಬ ಭೇದವೂ ಕೂಡದು' ಎಂದು ಸೇರಿಸುವ ಮಾತು ಎದ್ದಿತು. ಗಂಡಸರು ನಗತೊಡಗಿದರು. ಗ್ರಿಫಿತ್ಸ್ ಎದ್ದು ನಿಂತರು. ಹೆಂಗಸರನ್ನು ನೀವು ಎಷ್ಟು ಕೀಳಾಗಿ ಕಾಣುತ್ತೀರಿ ಎನ್ನಲು ಈ ನಗುವೇ ಸಾಕ್ಷಿ ಎಂಬಂತೆ ಮಾತಾಡಿದರು. ನಗು ನಿಂತಿತು. ಆ ಮಾತು ಕಾನೂನಿನಲ್ಲಿ ಸೇರಿತು.

ನಮ್ಮ ದೇಶದಲ್ಲಿ ಲೋಕಸಭೆ, ವಿಧಾನಸಭೆ ಕ್ಷೇತ್ರಗಳ ಗೆರೆ ಎಳೆಯಲು ಕ್ಷೇತ್ರ ಪುನರ್ವಿಂಗಡಣೆ ಆಯೋಗ ಇರುತ್ತದೆ. ಅದು ಮೊದಲು ಕರಡು ಪ್ರಕಟಿಸಿ ಜನರ ಆಕ್ಷೇಪಣೆ ಕೇಳುತ್ತದೆ. ಕರ್ನಾಟಕದಲ್ಲಿ ಹೊಸ ಗೆರೆಯ ಮೇಲೆ ಮೊದಲ ಚುನಾವಣೆ ಆದದ್ದು 2008ರಲ್ಲಿ, ವಿಧಾನಸಭೆಗೆ. ಚಿಕ್ಕೋಡಿ ಲೋಕಸಭಾ ಕ್ಷೇತ್ರ ಮೊದಲು ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. 2009ರ ಚುನಾವಣೆಯಿಂದ ಸಾಮಾನ್ಯ ಕ್ಷೇತ್ರ ಆಯಿತು. 2023ರಲ್ಲಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರರಲ್ಲಿ ಒಂದು ಸ್ಥಾನ ಹೆಂಗಸರಿಗೆ ಎಂದು ಸಂವಿಧಾನ ತಿದ್ದಿದರು. ಮೊದಲು ಜನಗಣತಿ, ಆಮೇಲೆ ಹೊಸ ಗೆರೆ, ಆಮೇಲೆ ಮೀಸಲಾತಿ ಎಂದು ಆ ತಿದ್ದುಪಡಿಯಲ್ಲೇ ಬರೆದರು. ನಮ್ಮ ಪಾಲನ್ನೂ ಗೆರೆಗೇ ಕಟ್ಟಿಹಾಕಿದರು.

ಮೂರನೆಯ ರಾತ್ರಿ ಪಾಠ ಮುಗಿದಾಗ, ಮೊದಲ ದಿನ ಪ್ರಶ್ನೆ ಕೇಳಿದ ಅಕ್ಕ ಎದ್ದು ಹೋಗಲಿಲ್ಲ. ಸೀಮೆಸುಣ್ಣ ತಗೊಂಡು ನೆಲದ ಮೇಲೆ ತಮ್ಮ ಓಣಿ ಬರೆದರು. ಬಾವಿ, ಹನುಮಪ್ಪನ ಗುಡಿ, ಅಂಗನವಾಡಿ. ಮಧ್ಯೆ ಒಂದು ಗೆರೆ.

"ನಮ್ಮ ಓಣಿ ಎರಡು ವಾರ್ಡಿನಾಗ ಯಾಕ ಹರಿದೈತ್ರಿ ಅಕ್ಕೋರ?"

ನನಗೆ ಗೊತ್ತಿರಲಿಲ್ಲ. ಸೋಮವಾರ ಪಂಚಾಯಿತಿಗೆ ಹೋಗಿ ವಾರ್ಡಿನ ನಕ್ಷೆ ಕೇಳುವುದು ಎಂದು ನಿಶ್ಚಯಿಸಿದೆವು. ಅರ್ಜಿ ಅವರೇ ಬರೆದರು. ಕೆಳಗೆ ಹನ್ನೊಂದು ಸಹಿ ಇವೆ.